ಹತ್ತು ನಿಮಿಷದ ಹಾಡಿನ ವಿರುದ್ಧ

ಐಸ್‌ಲ್ಯಾಂಡಿನ ಒಂದು ಬ್ಯಾಂಡನ್ನು ನಾನು ಎಂಟು ವರ್ಷ ವಿರೋಧಿಸಿದ್ದೇನೆ. ಆ ಬ್ಯಾಂಡಿಗೆ ಇದು ಗೊತ್ತಿಲ್ಲ. ಗೊತ್ತಾದರೆ ವಾದ್ಯಗಳನ್ನು ಕೆಳಗಿಟ್ಟು ಬೇರೆ ಉದ್ಯೋಗ ಹುಡುಕಿಕೊಂಡಾರು ಎಂಬ ಭ್ರಮೆಯೂ ನನಗಿಲ್ಲ. ಆದರೆ ನನ್ನದು ಸುಮ್ಮನೆ ಮೂಗು ಮುರಿಯುವ ವಿರೋಧವಲ್ಲ. ಅವರ ಒಂದೊಂದು ಆಲ್ಬಮ್ಮನ್ನೂ ಹತ್ತಾರು ಸಲ ಕೇಳಿ, ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ಬೇಸರ ಶುರುವಾಗುತ್ತದೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ವಿರೋಧಿಸಿದ್ದೇನೆ. ಅಭಿಮಾನಿಗಳು ಇಷ್ಟು ಕಷ್ಟಪಡುವುದಿಲ್ಲ. ಅವರಿಗೆ ಇಷ್ಟವಾದರೆ ಅಲ್ಲಿಗೆ ಮುಗಿಯಿತು.

ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದನ್ನು ಸರಿಯಾಗಿ ಉಚ್ಚರಿಸಲು ನನಗೆ ಇವತ್ತಿಗೂ ಬರುವುದಿಲ್ಲ. ಹೆಸರು ಹೇಳಲು ಬಾರದ್ದನ್ನು ಇವಳು ಎಂಟು ವರ್ಷ ಖಂಡಿಸಿದಳೇ ಎಂದು ನೀವು ಮೊದಲ ಪುಟದಲ್ಲೇ ನನ್ನ ಕೈ ಬಿಡುವುದು ಬೇಡ.

ಈ ವಿರೋಧವನ್ನು ನಾನಾಗಿ ಆರಿಸಿಕೊಂಡದ್ದಲ್ಲ, ಅದು ನನ್ನ ಪಾಲಿಗೆ ಬಂದದ್ದು. ಅದು ಅರ್ಥವಾಗಬೇಕಾದರೆ ನಮ್ಮ ಕಡೆಯ ಕಾಲೇಜುಗಳ ಚರ್ಚಾಸ್ಪರ್ಧೆಯ ಒಂದು ವಿಚಿತ್ರ ನಿಯಮ ನಿಮಗೆ ಗೊತ್ತಿರಬೇಕು. ಅಲ್ಲಿಗೆ ಪ್ರತಿ ಕಾಲೇಜಿನಿಂದ ಇಬ್ಬರು ಹೋಗುತ್ತಾರೆ. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಕೊನೆಗೆ ಇಬ್ಬರ ಅಂಕಗಳನ್ನೂ ಕೂಡಿಸಿ ಪರ್ಯಾಯ ಪಾರಿತೋಷಕ ಕೊಡುತ್ತಾರೆ. ಅಂದರೆ ನೀವು ಕಟ್ಟಿದ ವಾದವನ್ನು ಹತ್ತು ನಿಮಿಷದ ಬಳಿಕ ವೇದಿಕೆಗೆ ಬಂದು ಚಿಂದಿ ಮಾಡುವವನೇ ನಿಮ್ಮ ಸಂಗಾತಿ. ಅವನು ಚೆನ್ನಾಗಿ ಚಿಂದಿ ಮಾಡಿದರೆ ಮಾತ್ರ ನಿಮಗೆ ಪಾರಿತೋಷಕ. ಇಬ್ಬರೂ ಒಪ್ಪಿಕೊಂಡ ದಿನ ತಂಡವೇ ಇಲ್ಲ. ಹತ್ತೊಂಬತ್ತನೇ ವಯಸ್ಸಿಗೆ ಇಂಥ ನಿಯಮ ತಲೆಗೆ ಹತ್ತಿದರೆ ಮುಂದೆ ಯಾರ ಜೊತೆಗೂ ಸರಳವಾಗಿ ಸ್ನೇಹ ಮಾಡಲಾಗುವುದಿಲ್ಲ.

ಮೈಸೂರಿನ ನಮ್ಮ ಕಾಲೇಜಿನಿಂದ ವಿರೋಧಕ್ಕೆ ನಾನು, ಪರಕ್ಕೆ ಮೆಲ್ವಿನ್. ಮೆಲ್ವಿನ್ ಮಂಗಳೂರು ಕಡೆಯ ಕ್ಯಾಥೊಲಿಕ್ ಹುಡುಗ. ಅಪ್ಪನ ಕೆಲಸದಿಂದಾಗಿ ಬಾಲ್ಯವೆಲ್ಲ ಕೊಲ್ಲಿ ದೇಶದಲ್ಲಿ ಕಳೆದು, ಪಿಯುಸಿಗೆ ಮಂಗಳೂರಿಗೂ ಡಿಗ್ರಿಗೆ ಮೈಸೂರಿಗೂ ಬಂದವನು. ಮನೆಯಲ್ಲಿ ಕೊಂಕಣಿ, ವೇದಿಕೆಯಲ್ಲಿ ನನ್ನನ್ನು ನಾಚಿಸುವಂಥ ಕನ್ನಡ. ಎಂಥ ವಿಷಯ ಕೊಟ್ಟರೂ ಅದರಲ್ಲಿ ಒಳ್ಳೆಯದನ್ನು ಹುಡುಕಿ ತೆಗೆಯುವ ಅಪಾಯಕಾರಿ ಗುಣ ಅವನದು.

ಒಂದು ಸಲ ಹಾಸನದಲ್ಲಿ ಗೆದ್ದು ಬಸ್ಸಿನಲ್ಲಿ ಮರಳುತ್ತಿದ್ದೆವು. ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಪಾರಿತೋಷಕವನ್ನು ಕೂರಿಸಿದ್ದೆವು. ಮೆಲ್ವಿನ್ ತನ್ನ ಇಯರ್‌ಫೋನಿನ ಒಂದು ತುದಿಯನ್ನು ಅದರ ಮೇಲಿಂದ ನನಗೆ ದಾಟಿಸಿದ.

"ಇದನ್ನೊಂದು ಕೇಳು ಮಾರಾಯ್ತಿ. ಮಧ್ಯದಲ್ಲಿ ಮಾತಾಡ್ಬೇಡ."

ಕೇಳಿದೆ. ದೂರದಲ್ಲಿ ಯಾರೋ ಭಾರವಾದ ಪೀಠೋಪಕರಣ ಎಳೆಯುತ್ತಿದ್ದಂತೆ ಒಂದು ಸದ್ದು. ಎಲೆಕ್ಟ್ರಿಕ್ ಗಿಟಾರನ್ನು ಪಿಟೀಲಿನ ಕಮಾನಿನಿಂದ ಉಜ್ಜಿದರೆ ಹಾಗೆ ಬರುತ್ತದಂತೆ. ಅದರ ಮೇಲೆ ಗಂಡೋ ಹೆಣ್ಣೋ ತಿಳಿಯದ ಎತ್ತರದ ದನಿಯೊಂದು ತೇಲುತ್ತಿತ್ತು. ಐದು ನಿಮಿಷವಾಯಿತು. ಚರ್ಚಾಸ್ಪರ್ಧೆಯಲ್ಲಿ ನಾಲ್ಕಕ್ಕೆ ಎಚ್ಚರಿಕೆಯ ಗಂಟೆ, ಐದಕ್ಕೆ ಕೊನೆಯ ಗಂಟೆ. ಇವರಿಗೆ ಯಾರೂ ಗಂಟೆ ಹೊಡೆಯುವವರಿರಲಿಲ್ಲ. ಹತ್ತು ನಿಮಿಷಕ್ಕೆ ಹಾಡು ಮುಗಿಯಿತು.

"ಏನಂತ ಹಾಡ್ತಾನೆ?" ಎಂದೆ.

"ಎಂತದೂ ಇಲ್ಲ. ಅರ್ಥ ಇಲ್ಲದ ಶಬ್ದಗಳು. ಅವರೇ ಕಟ್ಟಿದ್ದು."

"ಹಾಸ್ಟೆಲ್ಲಲ್ಲಿ ನಮ್ಮ ರೂಮಿನ ಫ್ಯಾನೂ ಇದನ್ನೇ ಹಾಡತ್ತೆ ಕಣೋ. ಬಾ, ಕೇಳಿಸ್ತೀನಿ."

ಹೀಗೆ ವಿಷಯ ಮಂಡನೆಯಾಯಿತು. ಪರಕ್ಕೆ ಮೆಲ್ವಿನ್, ವಿರೋಧಕ್ಕೆ ಮಾನಸ, ಅಂದರೆ ನಾನು. ತೀರ್ಪುಗಾರರು ಯಾರೂ ಇರಲಿಲ್ಲವಾದ್ದರಿಂದ ಚರ್ಚೆ ಮುಗಿಯುವ ಲಕ್ಷಣವೇ ಕಾಣಲಿಲ್ಲ.

ಈಗ ಬ್ಯಾಂಡಿನ ಚರಿತ್ರೆಯನ್ನು ಹೇಳುತ್ತೇನೆ, ಆದಷ್ಟು ನಿಷ್ಪಕ್ಷಪಾತವಾಗಿ. ಮೊದಲ ಆಲ್ಬಮ್ಮಿನಲ್ಲಿ ಅವರು ಇನ್ನೂ ಹುಡುಗರು. ಹಳೆಯ ಫ್ರಿಜ್ಜಿನೊಳಗೆ ಗಾಳಿ ಸಿಕ್ಕಿಬಿದ್ದ ಹಾಗಿದೆ. ಎರಡನೆಯದರಲ್ಲಿ ಆ ಕಮಾನು ಕೈಗೆ ಬಂತು, ಜಗತ್ತು ಕಣ್ಣೀರಿಟ್ಟಿತು. ಮೂರನೆಯದರಲ್ಲಿ ಇನ್ನೂ ಮುಂದೆ ಹೋಗಿ ಹಾಡುಗಳಿಗೆ ಹೆಸರಿಡುವುದನ್ನೇ ಬಿಟ್ಟರು. ಜೊತೆಯ ಪುಸ್ತಿಕೆಯಲ್ಲಿ ಸಾಹಿತ್ಯ ಇರಬೇಕಾದ ಪುಟಗಳು ಖಾಲಿ, ಕೇಳುವವರು ತಮಗೆ ಬೇಕಾದ್ದನ್ನು ಬರೆದುಕೊಳ್ಳಲಿ ಎಂದು. ನಾನು ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟು, ಮೇಷ್ಟ್ರೇ ಉತ್ತರ ಬರೆದುಕೊಳ್ಳಲಿ ಎಂದಿದ್ದರೆ ನನ್ನನ್ನು ಯಾರೂ ಕಲಾವಿದೆ ಎನ್ನುತ್ತಿರಲಿಲ್ಲ. ಇದನ್ನು ಮೆಲ್ವಿನ್‌ಗೆ ಅಂದೇ ಹೇಳಿದ್ದೆ. ಆ ಖಾಲಿ ಪುಟದ ಮಾತು ನೆನಪಿರಲಿ, ಮುಂದೆ ನನ್ನನ್ನೇ ಕಚ್ಚಲಿದೆ.

ಆಮೇಲೆ ಅವರು ಇದ್ದಕ್ಕಿದ್ದಂತೆ ಖುಷಿಯಾದರು. ಮೂರು ನಾಲ್ಕು ನಿಮಿಷದ ಹಾಡುಗಳು, ಚಪ್ಪಾಳೆ, ಡ್ರಮ್ಮು, ಬಿಸಿಲು. "ನೋಡು, ಬೆಳೀತಿದ್ದಾರೆ" ಎಂದ ಮೆಲ್ವಿನ್. "ಮಾರಿಕೊಂಡರು" ಎಂದೆ ನಾನು. ಉದ್ದ ಹಾಡಿದರೆ ಉದ್ದವಾಯಿತು, ಗಿಡ್ಡ ಹಾಡಿದರೆ ಗಿಡ್ಡವಾಯಿತು. ಚರ್ಚಾಪಟುವಿಗೆ ಸಂಗೀತ ಕೇಳುವ ಕಿವಿಗಿಂತ ದೋಷ ಕೇಳುವ ಕಿವಿ ಚುರುಕು. ನಂತರ ಅವರ ಕೀಬೋರ್ಡಿನವನು ಬ್ಯಾಂಡ್ ಬಿಟ್ಟು ಹೋದ. ಉಳಿದವರು ಅವನ ಜಾಗ ಖಾಲಿ ಕಾಣಬಾರದೆಂದೋ ಏನೋ ಭಯಂಕರ ಗದ್ದಲದ ಆಲ್ಬಮ್ಮೊಂದನ್ನು ಮಾಡಿದರು, ಕಬ್ಬಿಣದ ಅಂಗಡಿಯಲ್ಲಿ ಜಗಳವಾದ ಹಾಗೆ. ಅದಾದ ಮೇಲೆ ಬಹಳ ವರ್ಷ ಮೌನ. ಕೊನೆಗೆ ಕೀಬೋರ್ಡಿನವನು ಮರಳಿದ. ಈಗ ದೊಡ್ಡ ಆರ್ಕೆಸ್ಟ್ರಾ, ಡ್ರಮ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲವೂ ಮೆಲ್ಲಗೆ. ಇದಿಷ್ಟು ಅವರ ಚರಿತ್ರೆ. ನಿಷ್ಪಕ್ಷಪಾತವಾಗಿ ಹೇಳಿದ್ದೇನೆಂದು ನನಗನ್ನಿಸುತ್ತದೆ. ಮೆಲ್ವಿನ್ ಒಪ್ಪಲಿಕ್ಕಿಲ್ಲ.

ಈ ಎಲ್ಲ ಹಂತಗಳನ್ನೂ ನಾವು ಚರ್ಚಿಸಿದ್ದು ಹೆಚ್ಚಾಗಿ ಆಸ್ಟ್ರೇಲಿಯಾದಲ್ಲಿ. ನಾನು ಎಂ.ಎಸ್. ಮಾಡಲು ಅಡಿಲೇಡಿಗೆ ಬಂದು, ಕ್ಯಾಂಪಸ್ಸಿದ್ದ ಮಾಸನ್ ಲೇಕ್ಸ್ ಬಡಾವಣೆಯಲ್ಲೇ ಮನೆ ಹಿಡಿದು, ಸಿಟಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಸೇರಿದೆ. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ತಿಂಗಳಿಗೊಮ್ಮೆ ಸಂಬಳ ಕೊಡುತ್ತಾರೆ ಎಂದು ತಿಳಿದ ದಿನ ನನಗೆ ಈ ದೇಶದ ಮೇಲೆ ಗೌರವ ಮೂಡಿತು. ಮೆಲ್ವಿನ್ ಪರ್ತ್ ಸೇರಿದ, ಅಲ್ಲಿನ ಜೂಂಡಲಪ್ ಎಂಬ ಉಪನಗರದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಮಾದರಿಗಳನ್ನು ಪರೀಕ್ಷಿಸುವ ಕೆಲಸ. ನಮ್ಮ ನಡುವೆ ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್, ಚಳಿಗಾಲದಲ್ಲಿ ಒಂದೂವರೆ ಗಂಟೆ, ಬೇಸಿಗೆಯಲ್ಲಿ ಎರಡೂವರೆ ಗಂಟೆ. ಗಡಿಯಾರದ ಮೇಲೇ ಒಮ್ಮತವಿಲ್ಲದ ಊರುಗಳಲ್ಲಿ ಕುಳಿತು ನಾವು ಸಂಗೀತದ ಮೇಲೆ ಭಿನ್ನಾಭಿಪ್ರಾಯ ಇಟ್ಟುಕೊಂಡಿದ್ದೆವು. "ಆರ್ವೋ ಕಾಲ್ ಮಾಡ್ತೇನೆ" ಎಂದು ಅವನು ಇಲ್ಲಿಯವರ ಧಾಟಿಯಲ್ಲಿ ಮೆಸೇಜು ಹಾಕಿದರೆ ಅದು ಯಾರ ಮಧ್ಯಾಹ್ನ ಎಂಬುದೇ ಮೊದಲ ಚರ್ಚೆ.

ಒಮ್ಮೆ ಪರ್ತಿಗೆ ಹೋಗಿದ್ದೆ. ನಲವತ್ತೆರಡು ಡಿಗ್ರಿ ಬಿಸಿಲು, ಮೆಲ್ವಿನ್ನನ ಹಳೆಯ ಕಾರಿನಲ್ಲಿ ಎಸಿ ಕೆಟ್ಟಿತ್ತು. ಅವನು ಮಂಜುಗಡ್ಡೆ ಕರಗುವಂಥ ಆ ಸಂಗೀತವನ್ನು ಹಾಕಿಕೊಂಡು ಜೂಂಡಲಪ್ ಕಡೆಗೆ ಓಡಿಸುತ್ತಿದ್ದ. ದಾರಿಯಲ್ಲಿ ಪೆಟ್ರೋಲಿಗೆಂದು ಒಂದು ಸರ್ವೋದಲ್ಲಿ, ಬಂಕಿಗೆ ಇಲ್ಲಿಯವರ ಹೆಸರು ಅದು, ನಿಲ್ಲಿಸಿದಾಗ ಕೇಳಿದೆ.

"ಇದನ್ನ ಕೇಳಿದ್ರೆ ತಂಪಾಗತ್ತಾ?"

"ನಿಮ್ಮ ತಿಲ್ಲಾನ ಕೇಳಿದ್ರೆ ಎಂತ ಅರ್ಥ ಆಗ್ತದೆ?" ಎಂದ ಅವನು, ಪೈಪು ಕೈಯಲ್ಲಿ ಹಿಡಿದುಕೊಂಡೇ. "ಧೀಂ ತನನ ಅಂದ್ರೆ ಎಂತ? ಅದಕ್ಕೆ ನೀವು ತಲೆ ಆಡಿಸೂದಿಲ್ವಾ?"

ಒಳ್ಳೆಯ ಪೆಟ್ಟು. ಇದಕ್ಕೆ ಉತ್ತರಿಸಲು ನಾನು ಅಡಿಲೇಡಿಗೆ ಮರಳಿ ಒಂದು ವಾರ ತಿಲ್ಲಾನಗಳನ್ನು ಕೇಳಿದೆ. ಅಲ್ಲಿನ ಅಕ್ಷರಗಳು ಮೃದಂಗದ ನುಡಿಗಳು, ಅವುಗಳಿಗೆ ಲೆಕ್ಕಾಚಾರವಿದೆ, ತಾಳದ ಕಟ್ಟಿದೆ, ಸುಮ್ಮನೆ ಬಾಯಿಗೆ ಬಂದದ್ದಲ್ಲ ಎಂದು ಬರೆದು ಕಳಿಸಿದೆ. ಹಾಗಾದರೆ ತೊಟ್ಟಿಲು ತೂಗುವಾಗಿನ ಜೋಜೋಗೆ ಏನು ಲೆಕ್ಕಾಚಾರ ಎಂದು ಉತ್ತರ ಬಂತು. ಅವನ ಅಜ್ಜಿ ಜೀವನಪೂರ್ತಿ ಲ್ಯಾಟಿನ್ ಪ್ರಾರ್ಥನೆಗಳನ್ನು ಒಂದಕ್ಷರ ಅರ್ಥವಾಗದೆ ಹಾಡಿದ್ದರಂತೆ. ನಮ್ಮಜ್ಜಿಯ ಮಂತ್ರಗಳ ಕಥೆಯೂ ಅದೇ ಎಂಬುದು ನನಗೆ ಗೊತ್ತಿತ್ತು, ಆದರೆ ಎದುರಾಳಿಗೆ ಅನುಕೂಲವಾಗುವ ಸಾಕ್ಷ್ಯವನ್ನು ನಾವಾಗಿ ಒದಗಿಸುವ ಪದ್ಧತಿ ಇಲ್ಲ. ಕರ್ನಾಟಕ ಸಂಗೀತದ ಬಗ್ಗೆ ನನಗೆ ಏನಾದರೂ ತಿಳಿದಿದ್ದರೆ ಅದು ಐಸ್‌ಲ್ಯಾಂಡಿನವರ ಮೇಲಿನ ಸಿಟ್ಟಿನಿಂದ.

ಹೀಗಿರುವಾಗ ಮೆಲ್ವಿನ್ನನ ಅಪ್ಪ ತೀರಿಕೊಂಡರು. ಕೊಲ್ಲಿಯಿಂದ ನಿವೃತ್ತರಾಗಿ ಮಂಗಳೂರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ವಿಮಾನ ಹಿಡಿದು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಇಗರ್ಜಿಯಲ್ಲಿ ನಡೆದ ಅಂತ್ಯಕ್ರಿಯೆಯ ಪೂಜೆಯನ್ನು ಅವನು ಜೂಂಡಲಪ್ಪಿನ ಬಾಡಿಗೆ ಮನೆಯಲ್ಲಿ ಫೋನಿನಲ್ಲಿ ನೋಡಿದ. ಏಳನೇ ದಿನದ ಪೂಜೆಗೆ ಊರಿಗೆ ಹೋಗಿ ಬಂದ. ನಾನು ಫೋನು ಮಾಡಿದ್ದೆ, ಎಲ್ಲರೂ ಹೇಳುವುದನ್ನು ಹೇಳಿದ್ದೆ.

ಒಂದು ತಿಂಗಳು ಬಿಟ್ಟು ಮತ್ತೆ ನಮ್ಮ ಮಾಮೂಲು ಮಾತುಕತೆ ಶುರುವಾಯಿತು. ಸಂಗೀತಕ್ಕೆ ಮಾತಿನ ಅರ್ಥ ಬೇಕೋ ಬೇಡವೋ ಎಂಬ ನಮ್ಮ ಹಳೆಯ ರಸ್ತೆಯಲ್ಲೇ ಹೋಗುತ್ತಿದ್ದೆವು. ಮಧ್ಯದಲ್ಲಿ ಅವನು ನಿಧಾನಕ್ಕೆ ಹೇಳಿದ.

"ಪಪ್ಪ ಹೋದ ದಿನ ನಂಗೆ ಕೊಂಕಣಿ ಹಾಡು ಯಾವುದೂ ಕೇಳ್ಲಿಕ್ಕೆ ಆಗ್ಲಿಲ್ಲ. ಒಂದೊಂದು ಶಬ್ದಕ್ಕೂ ಅರ್ಥ ಉಂಟಲ್ಲ, ಅದೇ ಕಷ್ಟ. ಆಗ ಇದನ್ನು ಹಾಕಿದೆ, ಬಸ್ಸಲ್ಲಿ ನಿಂಗೆ ಕೇಳಿಸಿದ್ದು. ಅದೊಂದನ್ನು ಕೇಳ್ಲಿಕ್ಕೆ ಆಯ್ತು."

ಇಂಥ ಮಾತಿಗೆ ಏನು ಹೇಳಬೇಕೆಂದು ಸಾಮಾನ್ಯ ಮನುಷ್ಯರಿಗೆ ಗೊತ್ತಿರುತ್ತದೆ. ಏನೂ ಹೇಳಬಾರದು. ಆದರೆ ನನ್ನ ತಲೆಯಲ್ಲಿ ಹತ್ತೊಂಬತ್ತನೇ ವಯಸ್ಸಿನಿಂದ ಒಂದು ಯಂತ್ರವಿದೆ, ವಾಕ್ಯ ಬಿದ್ದ ಕೂಡಲೇ ಅದರ ದೌರ್ಬಲ್ಯವನ್ನು ಹುಡುಕಿ ಕೊಡುತ್ತದೆ.

"ಅದು ನಿನ್ನ ದುಃಖದ ಗುಣ ಕಣೋ, ಹಾಡಿನ ಗುಣ ಅಲ್ಲ," ಎಂದೆ. "ಅವತ್ತು ಫ್ಯಾನ್ ಶಬ್ದ ಕೇಳಿದ್ರೂ ನಿನಗೆ ಹಾಗೇ ಅನ್ನಿಸ್ತಿತ್ತು."



"ಹೌದು," ಎಂದ ಮೆಲ್ವಿನ್. "ನೀನು ಹೇಳಿದ್ದು ಸರಿ."

ಏಳು ವರ್ಷದಲ್ಲಿ ಅವನು ನನ್ನನ್ನು ಒಪ್ಪಿದ್ದು ಅದೇ ಮೊದಲು. ಲ್ಯಾಬಿಗೆ ಹೊತ್ತಾಯಿತೆಂದು ಮರ್ಯಾದೆಯಿಂದ ಫೋನಿಟ್ಟ. ನನ್ನ ವಾದದಲ್ಲಿ ತಪ್ಪು ಹುಡುಕಲು ಈಗಲೂ ನನಗೆ ಆಗುವುದಿಲ್ಲ. ಯಾವ ತೀರ್ಪುಗಾರರಾದರೂ ಆ ಉತ್ತರಕ್ಕೆ ಪೂರ್ತಿ ಅಂಕ ಕೊಡುತ್ತಿದ್ದರು. ಅಂಕ ಕೂಡಿಸಲು ಆಚೆ ಬದಿಯಲ್ಲಿ ಯಾರೂ ಉಳಿದಿರಲಿಲ್ಲ, ಅಷ್ಟೆ.

ಅಂದಿನಿಂದ ಅವನು ಚರ್ಚೆ ನಿಲ್ಲಿಸಿದ. ಜಗಳವೇನಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದ. ನಾನು ಏನೇ ಕೆಣಕಿದರೂ "ಹೌದು", "ಸರಿ", "ಇರಬಹುದು". ನಾನು ಜೋರಾದೆ. ಆ ಬ್ಯಾಂಡನ್ನು ಎಂದೂ ಬೈಯದ ಹಾಗೆ ಬೈದು ಉದ್ದುದ್ದ ಮೆಸೇಜುಗಳನ್ನು ಹಾಕಿದೆ. ಕೀಬೋರ್ಡಿನವನು ಹೋದ ಮೇಲೆ ಉಳಿದ ಮೂವರು ಯಾಕೆ ಅಷ್ಟು ಗದ್ದಲ ಮಾಡಿದರೆಂದು ನನಗೆ ಆಗ ಸ್ವಲ್ಪ ಅರ್ಥವಾಯಿತು. ಇದನ್ನು ಯಾರಿಗಾದರೂ ಹೇಳೋಣವೆಂದರೆ ಹೇಳಬೇಕಾದವನು ಅವನೇ.

ಏಳು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಬ್ಯಾಂಡು ಆರ್ಕೆಸ್ಟ್ರಾದೊಂದಿಗೆ ಆಸ್ಟ್ರೇಲಿಯಾಕ್ಕೆ ಬರುವ ಸುದ್ದಿ ಬಂತು. ಪರ್ತಿಗೂ ಇಲ್ಲ, ಅಡಿಲೇಡಿಗೂ ಇಲ್ಲ. ಬ್ರಿಸ್ಬೇನಿನಲ್ಲಿ ಭಾನುವಾರ ಮಧ್ಯಾಹ್ನಕ್ಕೊಂದು ಪ್ರದರ್ಶನವಿತ್ತು. ಎರಡು ಟಿಕೆಟ್ ತೆಗೆದುಕೊಂಡೆ. ಕ್ಷಮೆ ಕೇಳುವುದಕ್ಕೆ ಚರ್ಚಾಸ್ಪರ್ಧೆಯಲ್ಲಿ ಯಾವ ಮಾದರಿಯೂ ಇಲ್ಲ, ಆದ್ದರಿಂದ ನನಗೆ ಗೊತ್ತಿದ್ದ ಮಾದರಿಯಲ್ಲೇ ಮೆಸೇಜು ಬರೆದೆ: "ಸ್ಥಳ ಬ್ರಿಸ್ಬೇನ್. ವಿರೋಧ ಮಾತನಾಡುವವರು ಸಿದ್ಧರಿದ್ದಾರೆ. ಪರ ಮಾತನಾಡುವವರು ಬೇಕಾಗಿದ್ದಾರೆ."

ನಾಲ್ಕು ದಿನದ ಬಳಿಕ ಒಂದು ಹೆಬ್ಬೆರಳಿನ ಚಿಹ್ನೆ ಬಂತು. ಇಷ್ಟೊಂದು ಭಾಷೆಗಳನ್ನು ಸೃಷ್ಟಿಸಿಕೊಂಡ ಮನುಷ್ಯಜಾತಿ ಕೊನೆಗೆ ಹೆಬ್ಬೆರಳಿಗೆ ಬಂದು ನಿಂತಿದೆ. ಒಪ್ಪಿಗೆಯೋ, ಬೇಸರವೋ, ಬೆರಳು ತಾಗಿತೋ ಹೇಳುವಂತಿಲ್ಲ. ಆದರೂ ಅವನು ಬಂದ.

ಬ್ರಿಸ್ಬೇನಿನಲ್ಲಿ ಉಳಿದದ್ದು ಅಮ್ಮನ ಗೆಳತಿ ಸುಧಾ ಆಂಟಿಯ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಆಂಟಿ ನಮ್ಮಿಬ್ಬರಿಗೂ ಉಪ್ಪಿಟ್ಟು ಬಡಿಸಿ, ಮೆಲ್ವಿನ್ನನ ತಟ್ಟೆಗೆ ಕೇಳದೆ ಇನ್ನೊಂದು ಸೌಟು ಹಾಕಿದರು.

"ಒಂದು ಹಾಡು ಕೇಳಕ್ಕೆ ಇವನು ಪರ್ತಿಂದ, ನೀನು ಅಡಿಲೇಡಿಂದ. ಅಂಥಾದ್ದು ಏನಮ್ಮಾ ಹಾಡ್ತಾರೆ ಅವ್ರು?"

"ಎಂತದೂ ಇಲ್ಲ ಆಂಟಿ," ಎಂದ ಮೆಲ್ವಿನ್. "ಅದಕ್ಕೆ ಅರ್ಥ ಇಲ್ಲ."

"ಅದನ್ನ ಕೇಳಕ್ಕೆ ವಿಮಾನ ಹತ್ತಿ ಬಂದ್ರಾ? ನಿಮ್ಮ ಅಂಕಲ್ ದಿನಾ ಬೆಳಿಗ್ಗೆ ಬಾತ್‌ರೂಮಲ್ಲಿ ಅದನ್ನೇ ಹಾಡ್ತಾರಲ್ಲ."

ನನ್ನದೇ ವಾದ, ನನಗಿಂತ ಚೆನ್ನಾಗಿ ಹೇಳಿದ್ದರು. ಮೆಲ್ವಿನ್ ಏನಾದರೂ ತಿರುಗೇಟು ಕೊಡುತ್ತಾನೆಂದು ಅವನ ಮುಖ ನೋಡಿದೆ. ಅವನು ನಕ್ಕು "ಹೌದು ಆಂಟಿ" ಎಂದು ಉಪ್ಪಿಟ್ಟು ತಿಂದ. ಸೋತವನ ನಗುವಾಗಿದ್ದರೆ ಸಹಿಸಬಹುದಿತ್ತು. ಅದು ಸ್ಪರ್ಧೆಗೇ ಹೆಸರು ಕೊಡದವನ ನಗು.

ಸಭಾಂಗಣ ನದಿಯ ಪಕ್ಕದಲ್ಲಿತ್ತು. ಅಭ್ಯಾಸಬಲದಿಂದ ತೊಡೆಯ ಮೇಲೆ ನೋಟ್‌ಬುಕ್ ಬಿಚ್ಚಿ ನಡುವೆ ಗೆರೆ ಎಳೆದು ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಎಂದು ಬರೆದುಕೊಂಡೆ. ಮೊದಲ ಮೂರು ಹಾಡಿಗೆ ವಿರೋಧದ ಕಡೆ ಐದು ಅಂಶಗಳು ಸಿಕ್ಕವು. ನಾಲ್ಕನೆಯದು ಶುರುವಾಯಿತು. ಆ ಪೀಠೋಪಕರಣ ಎಳೆಯುವ ಸದ್ದು. ಬಸ್ಸಿನ ಹಾಡು.

ವೇದಿಕೆಯನ್ನು ನೋಡಲಿಲ್ಲ, ಮೆಲ್ವಿನ್ನನ್ನು ನೋಡಿದೆ. ಅವನು ಕಣ್ಣು ಮುಚ್ಚಿದ್ದ. ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ಹಾಡುತ್ತಿದ್ದ. ವೇದಿಕೆಯ ಮೇಲಿನ ಶಬ್ದಗಳನ್ನು ನಾನು ಎಂಟು ವರ್ಷ ಖಂಡಿಸಿದವಳು, ಅವೆಲ್ಲ ನನಗೆ ಬಾಯಿಪಾಠ. ಅವನ ತುಟಿಯ ಮೇಲಿದ್ದವು ಅವಲ್ಲ. ಆ ರಾಗಕ್ಕೆ ಅವನು ಬೇರೇನನ್ನೋ ಕೂರಿಸಿಕೊಂಡಿದ್ದ. ಕೊಂಕಣಿಯಿರಬೇಕು. ಒಂದೇ ಒಂದು ಶಬ್ದ ಮಾತ್ರ ನನಗೆ ತಿಳಿಯಿತು, ತುಟಿ ಎರಡು ಸಲ ಕೂಡಿ ಬಿಡುವ ಶಬ್ದ. ಪಪ್ಪ.

ಖಾಲಿ ಬಿಟ್ಟ ಪುಟಗಳು ಯಾರಿಗೆ ಬೇಕಾಗುತ್ತವೆಂದು ನನಗೆ ಅಲ್ಲಿ ತಿಳಿಯಿತು. ಹಾಡು ಹತ್ತು ನಿಮಿಷವೂ ನಡೆಯಿತು. ನೋಟ್‌ಬುಕ್ಕಿನಲ್ಲಿ ಆ ಹಾಡಿನ ಎದುರು ಎರಡು ಕಡೆಯೂ ಏನೂ ಇಲ್ಲ.

ಪ್ರದರ್ಶನ ಮುಗಿದ ಮೇಲೆ ನದಿಯ ದಂಡೆಯಲ್ಲಿ ಆಂಟಿಯ ಕಾರಿಗೆ ಕಾಯುತ್ತ ನಿಂತಿದ್ದೆವು. ಇನ್ನೂ ಬಿಸಿಲಿತ್ತು.

"ಮೆಲ್ವಿನ್, ಅವತ್ತು ನಾನು ಹೇಳಿದ್ದು ತಪ್ಪು," ಎಂದೆ. "ಪಪ್ಪನ ವಿಷಯ. ಹಾಗೆ ಹೇಳಬಾರದಿತ್ತು."

ಅವನು ನದಿ ನೋಡುತ್ತಿದ್ದ.

"ಆಮೇಲೆ ಆ ಹಾಡು," ಎಂದೆ. ಇದು ಇನ್ನೂ ಕಷ್ಟವಾಯಿತು. "ಆ ಹಾಡು ಚೆನ್ನಾಗಿದೆ. ಮೊದಲಿಂದಲೂ ಚೆನ್ನಾಗೇ ಇತ್ತು. ನೀನು ಹೇಳಿದ್ದು ಸರಿ."

ಹಾದುಹೋಗುತ್ತಿದ್ದ ದೋಣಿಯೊಂದನ್ನು ಅವನು ಕಣ್ಣಲ್ಲೇ ಹಿಂಬಾಲಿಸಿದ. ನನಗೆ ಭಯವಾಯಿತು. ಈಗ ಅವನು "ಹೌದು" ಎಂದುಬಿಟ್ಟರೆ ನಾವಿಬ್ಬರೂ ಒಂದೇ ಪಕ್ಷ, ತಂಡ ಶಾಶ್ವತವಾಗಿ ಮುಗಿದಂತೆ.

"ಅರ್ಧ ಸರಿ," ಎಂದ ಕೊನೆಗೆ. "ಪಪ್ಪನ ವಿಷಯ ಸರಿ. ಆಯ್ತು, ಬಿಡು. ಆದ್ರೆ ಹಾಡು ಅಷ್ಟೇನಿಲ್ಲ ಮಾರಾಯ್ತಿ. ಆರ್ಕೆಸ್ಟ್ರಾ ಸ್ವಲ್ಪ ಜಾಸ್ತಿ ಆಯ್ತು. ಒರಿಜಿನಲ್‌ನಲ್ಲಿ ಇದ್ದ ಒರಟು ಹೋಯ್ತು. ಆ ಪಿಟೀಲಿನವರು ಅಷ್ಟು ಜನ ಎಂತಕ್ಕೆ? ಮದುವೆ ಮನೆಯಾ?"

"ಏನು ಮಾತಾಡ್ತಿದ್ದೀಯೋ? ಆ ಪಿಟೀಲು ಇಲ್ದಿದ್ರೆ ಏಳನೇ ನಿಮಿಷದ ಏರು ಹ್ಯಾಗೆ ಬರ್ತಿತ್ತು?"

"ಏಳನೇ ನಿಮಿಷದಲ್ಲಿ ನಂಗೆ ಸ್ವಲ್ಪ ನಿದ್ದೆ ಬಂತು."

ಸುಳ್ಳು. ಏಳನೇ ನಿಮಿಷದಲ್ಲಿ ಅವನ ತುಟಿ ಏನು ಮಾಡುತ್ತಿತ್ತೆಂದು ನನಗೆ ಗೊತ್ತು. ಆದರೆ ಅದನ್ನು ಸಾಕ್ಷ್ಯವಾಗಿ ಬಳಸಲಿಲ್ಲ. ಎಂಟು ವರ್ಷದಲ್ಲಿ ನಾನು ಕೈಯಲ್ಲಿದ್ದ ಸಾಕ್ಷ್ಯವನ್ನು ಸ್ನೇಹಕ್ಕಾಗಿ ಬಿಟ್ಟುಕೊಟ್ಟದ್ದು ಅದೊಂದೇ ಸಲ. ಕಾರು ಬಂತು. ಮನೆ ತಲುಪುವವರೆಗೆ ನಾವು ಹಿಂದಿನ ಸೀಟಿನಲ್ಲಿ ಕುಳಿತು ಆರ್ಕೆಸ್ಟ್ರಾದ ಬಗ್ಗೆ ಕಿತ್ತಾಡಿದೆವು. "ಬೆಳಿಗ್ಗೆ ಎಷ್ಟು ಚೆನ್ನಾಗಿದ್ರಿ ಇಬ್ರೂ" ಎಂದು ಸುಧಾ ಆಂಟಿ ಕನ್ನಡಿಯಲ್ಲಿ ನಮ್ಮನ್ನು ನೋಡಿ ನೊಂದುಕೊಂಡರು.

ಈಗ ಪರಕ್ಕೆ ನಾನು, ವಿರೋಧಕ್ಕೆ ಮೆಲ್ವಿನ್. ಪರ ಮಾತನಾಡುವುದು ಇಷ್ಟು ಕಷ್ಟವೆಂದು ನನಗೆ ತಿಳಿದಿರಲಿಲ್ಲ. ವಿರೋಧಿಸುವವರು ಇಷ್ಟಪಟ್ಟದ್ದನ್ನು ಬಚ್ಚಿಟ್ಟುಕೊಂಡೇ ಮಾತಾಡಬಹುದು, ಪರ ಮಾತನಾಡುವವರು ಅದನ್ನು ಬಯಲಿಗೆ ತಂದು ಇಡಬೇಕು, ಯಾರು ಬೇಕಾದರೂ ತುಳಿಯಬಹುದಾದ ಜಾಗದಲ್ಲಿ. ಮೆಲ್ವಿನ್ ಅಷ್ಟು ವರ್ಷ ಅದನ್ನು ಹೇಗೆ ಮಾಡಿದನೋ. ಅವನು ವಿರೋಧಕ್ಕೆ ಅಷ್ಟೇನೂ ಒಳ್ಳೆಯವನಲ್ಲ, ಅಲ್ಲೂ ಒಳ್ಳೆಯದನ್ನು ಹುಡುಕಲು ಹೋಗಿ ತನ್ನ ವಾದವನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ನಾನು ಸಹಾಯ ಮಾಡುತ್ತಿರುತ್ತೇನೆ.

ಮೊನ್ನೆ ಅವನ ಅಪ್ಪ ಹೋಗಿ ವರ್ಷ ತುಂಬಿತು. ಸಂಜೆ ಆಫೀಸು ಮುಗಿಸಿ ರೈಲು ಹತ್ತಿದ್ದೆ. ಮೆಲ್ವಿನ್ ಫೋನು ಮಾಡಿದ. ಪರ್ತಿನಲ್ಲಿ ಇನ್ನೂ ಮಧ್ಯಾಹ್ನ.

"ಪೂಜೆ ಆಯ್ತು. ಅದನ್ನೊಮ್ಮೆ ಹಾಕ್ತೇನೆ. ನೀನೂ ಇರು. ಮಧ್ಯದಲ್ಲಿ ಮಾತಾಡ್ಬೇಡ."

ಫೋನಿನಲ್ಲಿ ಕೇಳಿದ ಆ ಹಾಡಿಗೂ, ನಿಷ್ಪಕ್ಷಪಾತವಾಗಿ ಹೇಳಬೇಕೆಂದರೆ, ಹಾಸ್ಟೆಲ್ಲಿನ ಫ್ಯಾನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಮಾಸನ್ ಲೇಕ್ಸ್ ಬಂತು. ಬಾಗಿಲು ತೆರೆಯಿತು, ಮುಚ್ಚುವ ಮೊದಲು ಎಚ್ಚರಿಕೆಯ ಗಂಟೆ ಹೊಡೆಯಿತು. ಗಂಟೆಯನ್ನು ಮೀರುವುದು ನನ್ನ ಜಾಯಮಾನವಲ್ಲ. ಅವತ್ತು ಇಳಿಯದೆ ಕುಳಿತೇ ಇದ್ದೆ. ನಮ್ಮ ನಿಲ್ದಾಣ ಹಿಂದೆ ಹೋಯಿತು, ಅದರ ಮುಂದಿನ ಎರಡೂ ಹೋದವು. ಹಾಡು ಮುಗಿಯಿತು. ಆಮೇಲೂ ನಾನು ಏನೂ ಹೇಳಲಿಲ್ಲ.

ಆ ಕಡೆಯಿಂದ ಮೆಲ್ವಿನ್, ಸ್ವಲ್ಪ ಗಾಬರಿಯಿಂದ: "ಎಂತ, ಲೈನ್ ಕಟ್ಟಾಯ್ತಾ?"

"ಇಲ್ಲ ಕಣೋ," ಎಂದೆ. "ಇದ್ದೀನಿ."